ಕಾರಿನ ಡಬ್ಬಿಗೆ ನೀರು ಹುಯ್ದದ್ದು

ಕಾರು ನಿಂತದ್ದು ಮಂಗಳವಾರ ಬೆಳಿಗ್ಗೆ, ತೆರಕಣಾಂಬಿ ದಾಟಿದ ಮೇಲೆ. ಮಂಗಳವಾರ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬೇರೆ ದಿನ ನಿಂತಿದ್ದರೆ ತಳ್ಳಿ ಪಕ್ಕಕ್ಕೆ ಬಿಟ್ಟು ಮನೆಗೆ ಬರುತ್ತಿದ್ದೆವು, ಅಷ್ಟೇ. ಮಂಗಳವಾರ ಮತ್ತು ಶುಕ್ರವಾರ ನಮ್ಮ ಯಜಮಾನರಿಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ದಿನ. ಇವರ ಎರಡು ಕಿಡ್ನಿಯೂ ಕೆಲಸ ಬಿಟ್ಟಿವೆ. ಒಂದು ದಿನ ತಡವಾದರೆ ಕಾಲು ಊದುತ್ತದೆ. ಎರಡು ದಿನ ತಡವಾದರೆ ಉಸಿರು ಮೇಲಕ್ಕೆ ಬರುತ್ತದೆ. ಮೂರು ದಿನ ತಡವಾದರೆ ಏನೆಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮೂರು ಗುಂಡ್ಲುಪೇಟೆಗೂ ತೆರಕಣಾಂಬಿಗೂ ನಡುವೆ, ರಸ್ತೆಯಿಂದ ಒಳಗೆ. ಕಾರು ಓಡಿಸುವವಳು ನಮ್ಮ ಮಗಳು. ಬದನಗುಪ್ಪೆಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆ ಬೇಡವೆಂದಳು, ನಾವೂ ಬಿಟ್ಟೆವು. ಆ ಎರಡು ದಿನ ನಮ್ಮಿಬ್ಬರನ್ನು ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಕಂಪನಿಗೆ ಹೋಗುತ್ತಾಳೆ, ಸಂಜೆ ಬಂದು ಹತ್ತಿಸಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಯಾಕೆ ಹೋಗಬಾರದು ಎಂದು ಕೇಳುವವರಿದ್ದಾರೆ. ಹೋಗಿ ನೋಡಿದ್ದೇವೆ. ಸೂಜಿ ತೆಗೆದ ಮೇಲೆ ಇವರು ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಾರೆ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡರು. ಅದಾದ ಮೇಲೆ ಮಗಳು ಈ ಕಾರು ತಂದಳು. ನಮಗಿಂತ ಮೊದಲು ಇಬ್ಬರು ಓಡಿಸಿ ಬಿಟ್ಟ ಹಳೆಯ ಕಾರು. ಹಿಂದಿನ ಸೀಟಿನಲ್ಲಿ ಇವರು ಕಾಲು ಮಡಚಿ ಮಲಗುತ್ತಾರೆ, ತಲೆ ನನ್ನ ತೊಡೆಯ ಮೇಲೆ. ಬಹಳ ಭಾರದ ತಲೆ.

ಇವರು ಡ್ರೈವರ್ ಆಗಿದ್ದವರು. ಲಾರಿಗೆ ತರಕಾರಿ ತುಂಬಿಕೊಂಡು ಮದ್ದೂರು ಕಾಡು ದಾಟಿ ಕೇರಳಕ್ಕೆ ಹೋಗುತ್ತಿದ್ದರು. ಲಾರಿಗೆ ಮುಂಚೆ ಒಬ್ಬ ಸಾಹುಕಾರರ ಪೆಟ್ರೋಲ್ ಜೀಪು ಓಡಿಸಿದ್ದರು. ಗಾಡಿ ಕಾಡಿನಲ್ಲಿ ನಿಂತರೆ ಯಾರನ್ನೂ ಕಾಯದೆ ತಾವೇ ಬಿಚ್ಚಿ, ಊದಿ, ಒರೆಸಿ, ಜೋಡಿಸಿ ಹೊರಡಿಸುತ್ತಿದ್ದರು. ಇಂಜಿನ್ ಸದ್ದು ಕೇಳಿಯೇ ಎಲ್ಲಿ ಕಾಯಿಲೆ ಎಂದು ಹೇಳುತ್ತಿದ್ದರಂತೆ. ಅಂತೆ ಯಾಕೆ, ನಾನೇ ಕಂಡಿದ್ದೇನೆ. ಊರಿನವರು ಟ್ರಾಕ್ಟರ್ ತಂದು ಮನೆ ಮುಂದೆ ನಿಲ್ಲಿಸಿದರೆ ಊಟದ ತಟ್ಟೆ ಬಿಟ್ಟು ಏಳದೆ, ಕೂತಲ್ಲಿಂದಲೇ ಹೇಳಿ ಕಳಿಸುತ್ತಿದ್ದರು.

ಈಗ ಆಯುಧಪೂಜೆಯ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಶುರುವಾದದ್ದು ಅಲ್ಲಿ. ಕಾರು ನಿಲ್ಲುವುದಕ್ಕೆ ಮೂರು ವಾರ ಮುಂಚೆ.

ನಮ್ಮ ಕಡೆ ಡ್ರೈವರುಗಳು ಪೂಜೆಯ ದಿನ ಗಾಡಿಯ ಹೊರಗನ್ನು ತೊಳೆದರೆ ಆಗದು, ಇಂಜಿನ್ನೂ ತೊಳೆಯಬೇಕು. ವರ್ಷವಿಡೀ ದುಡಿದದ್ದು ಅದು ತಾನೇ. ಇವರು ಪ್ರತಿ ವರ್ಷ ಸೀಮೆಎಣ್ಣೆ ಬಟ್ಟೆಯಿಂದ ಇಂಜಿನ್ನಿನ ಜಿಡ್ಡು ಒರೆಸಿ, ಬಿಂದಿಗೆಯಲ್ಲಿ ನೀರು ಹುಯ್ದು, ಒಣಗಿಸಿ, ಮೂರು ಪಟ್ಟೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಆಮೇಲೆ ಬೂದುಗುಂಬಳ ಒಡೆಯುತ್ತಿದ್ದರು. ಲಾರಿ ಇದ್ದಾಗ ಅದು ಅರ್ಧ ದಿನದ ಕೆಲಸ. ಈ ಸಲ ಬಿಂದಿಗೆ ಎತ್ತುವ ಶಕ್ತಿ ಇವರಿಗೆ ಇರಲಿಲ್ಲ. ಎಡಗೈಯಲ್ಲಿ ಸೂಜಿ ಚುಚ್ಚಲು ನರ ಜೋಡಿಸಿದ್ದಾರೆ, ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಮಗಳು ಆವತ್ತು ಬಸ್ಸಿನಲ್ಲಿ ಡ್ಯೂಟಿಗೆ ಹೋಗಿದ್ದಳು, ಮಧ್ಯಾಹ್ನ ಬರುವುದರೊಳಗೆ ತೊಳೆದಿಡಬೇಕು. ಇವರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕಾರಿನ ಮುಂದೆ ಕೂತರು. ಕೈಯಲ್ಲಿ ಕೋಲು. ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ.

ಕಿಡಿ ಹತ್ತಿಸುವ ಕಾಯಿಲ್ ಎಲ್ಲಿದೆ ಎಂದು ಕೋಲಿನಲ್ಲಿ ತೋರಿಸಿ, ಅದಕ್ಕೆ ನೀರು ತಾಕಕೂಡದು, ಪ್ಲಾಸ್ಟಿಕ್ ಕವರು ಕಟ್ಟು ಎಂದರು. ಕಟ್ಟಿದೆ. ಗಾಳಿ ಎಳೆಯುವ ಬಾಯಿಗೆ ಬಟ್ಟೆ ತುರುಕು ಎಂದರು. ತುರುಕಿದೆ. ಇಷ್ಟು ಹುಷಾರು ಜೀಪಿನ ಕಾಲದಿಂದ ಇವರಿಗೆ ಗೊತ್ತಿತ್ತು. ಆಮೇಲೆ ಹುಯ್ಯಿ ಎಂದರು. ಬ್ಯಾಟರಿಯ ಹಿಂದೆ, ಮುಂದಿನ ಗಾಜಿನ ಬುಡದಲ್ಲಿ, ಹುಣಸೆ ಎಲೆ, ಮಣ್ಣು ಎಲ್ಲ ಸೇರಿ ಗೂಡು ಕಟ್ಟಿಕೊಂಡಿತ್ತು. ಕೋಲಿನಲ್ಲಿ ಆ ಮೂಲೆಗೆ ತಿವಿದು ತೋರಿಸಿದರು.

“ಆ ಮೂಲೆಗೆ ಹುಯ್ಯಮ್ಮಿ. ಇನ್ನೊಂದ್ ಬಿಂದ್ಗೆ ತಕಬಾ. ಕಸ ಎಲ್ಲ ತೊಳ್ಕಂಡು ಓಗ್ಲಿ.”

ಮೂರು ಬಿಂದಿಗೆ ಹುಯ್ದೆ. ಎಲೆ ಹೋಯಿತು. ಎಲೆಯ ಕೆಳಗೆ ಬೆಳ್ಳಿ ಬಣ್ಣದ ಒಂದು ಡಬ್ಬಿ ಕಂಡಿತು, ಅಂಗೈಗಿಂತ ಸ್ವಲ್ಪ ದೊಡ್ಡದು, ಅದಕ್ಕೆ ದಪ್ಪ ದಪ್ಪ ವೈರಿನ ಜಡೆ. ಇದೇನು ಎಂದು ಕೇಳಿದೆ. ಏನೋ ಫ್ಯೂಸ್ ಡಬ್ಬಿ ಇರಬೇಕು ಬುಡು ಎಂದರು. ನಾನು ಅದಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟೆ.

ಎಂಟು ದಿನ ಏನೂ ಆಗಲಿಲ್ಲ. ಆಮೇಲೆ ಕಾರು ಓಡುವಾಗ ಕೆಮ್ಮುವುದಕ್ಕೆ ಶುರುವಾಯಿತು. ಮಗಳ ಮುಂದೆ ಗಡಿಯಾರಗಳಿರುವ ಜಾಗದಲ್ಲಿ ಹಳದಿ ದೀಪ ಒಂದು ಹತ್ತುತ್ತದೆ, ಆರುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ, ಬೆಳಿಗ್ಗೆ ಇಬ್ಬನಿಗೆ ಮತ್ತೆ ಕೆಮ್ಮುತ್ತದೆ. ಪೆಟ್ರೋಲಿನಲ್ಲಿ ಕಸ ಇದೆ ಎಂದು ಇವರು ಹೇಳಿದರು. ಪ್ಲಗ್ ಹಳೆಯದಾಗಿದೆ ಎಂದರು. ಮಗಳು ಎರಡನ್ನೂ ಮಾಡಿಸಿದಳು. ಆ ಮಂಗಳವಾರ ತೆರಕಣಾಂಬಿ ದಾಟಿದ ಮೇಲೆ ಒಂದು ಸಲ ಎಗರಿ ನಿಂತುಹೋಯಿತು. ಕೀ ತಿರುಗಿಸಿದರೆ ಇಂಜಿನ್ ಸುತ್ತುತ್ತದೆ, ಹತ್ತುವುದಿಲ್ಲ. ಇವರು ಹಿಂದೆ ಮಲಗಿದ್ದವರು ಎದ್ದು ಕೂತು, ಪಂಪು ಕಣಮ್ಮಿ, ಪೆಟ್ರೋಲ್ ಪಂಪು ಎಂದರು. ಇಳಿದು ನೋಡುತ್ತೇನೆ ಎಂದು ಬಾಗಿಲು ತೆಗೆದರು. ನಿಂತರು. ಮತ್ತೆ ಕೂತರು.

ಟೊಮೇಟೊ ಕ್ರೇಟು ಇಳಿಸಿ ಖಾಲಿ ಹೋಗುತ್ತಿದ್ದ ಒಂದು ಗೂಡ್ಸ್ ಆಟೋ ನಿಂತಿತು. ಅದರವನು ಚಾಮರಾಜನಗರದವನು. ಮುಂದೆ ಅವನ ಪಕ್ಕದಲ್ಲಿ ಇವರನ್ನು ಕೂರಿಸಿ, ನಾನು ಹಿಂದೆ ತೊಟ್ಟಿಯಲ್ಲಿ ಕೂತೆ. ಮಗಳು ಕಾರಿನ ಹತ್ತಿರ ಉಳಿದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಇವರ ಮಿಷಿನ್ನಿಗೆ ಬೇರೆಯವರನ್ನು ಹಾಕಿದ್ದರು. ತಪ್ಪಲ್ಲ, ಅವರೂ ಕಾಯಿಲೆಯವರೇ. ಮಧ್ಯಾಹ್ನದ ಮೇಲೆ ಜಾಗ ಸಿಕ್ಕಿತು, ನಾಲ್ಕು ಗಂಟೆ ಓಡಬೇಕಾದ ಮಿಷಿನ್ನು ಎರಡೂವರೆ ಗಂಟೆ ಓಡಿತು.

ಮಗಳು ಕಾರನ್ನು ಕಟ್ಟಿ ಎಳೆಸಿಕೊಂಡು ಗುಂಡ್ಲುಪೇಟೆಯ ಒಂದು ಶೆಡ್ಡಿಗೆ ಬಿಟ್ಟಿದ್ದಳು. ಮೇಸ್ತ್ರಿ ಕೇರಳದ ಕಡೆಯವನು, ಮೂವತ್ತು ವರ್ಷದಿಂದ ಇಲ್ಲಿಯೇ ಇದ್ದಾನೆ. ನಮ್ಮ ಮಾತೇ ಆಡುತ್ತಾನೆ, ಕೊನೆಯಲ್ಲಿ ಮಾತ್ರ ಅವರ ಎಳೆತ. ಮಾರನೆಯ ದಿನ ಇವರು ತಾವೂ ಬರುತ್ತೇನೆಂದು ಹಟ ಹಿಡಿದರು. ಮಗಳಿಗೆ ಮೋಸ ಮಾಡುತ್ತಾರೆ, ಡ್ರೈವರ್ ಒಬ್ಬ ಮುಂದೆ ನಿಂತಿದ್ದರೆ ಹೆದರುತ್ತಾರೆ ಎಂದು ಇವರ ಲೆಕ್ಕ. ಆಟೋ ಮಾಡಿಕೊಂಡು ಮೂವರೂ ಹೋದೆವು.

ಮೇಸ್ತ್ರಿ ಇವರಿಗೆ ಸ್ಟೂಲು ಕೊಟ್ಟು, ಯಜಮಾನ್ರೇ ಎಂದು ಮರ್ಯಾದೆಯಾಗಿ ಮಾತಾಡಿಸಿದ. ಇವರು ಪಂಪಿನ ವಿಷಯ ಹೇಳಿದರು. ಪಂಪು ಸರಿಯಾಗಿದೆ ಎಂದ. ಕಾಯಿಲ್ ಎಂದರು. ಅದೂ ಸರಿಯಾಗಿದೆ ಎಂದ. ಸ್ಟೇರಿಂಗಿನ ಕೆಳಗೆ ಒಂದು ತೂತಿಗೆ ವೈರು ಚುಚ್ಚಿ, ವೈರಿನ ಇನ್ನೊಂದು ತುದಿಗೆ ಟ್ಯಾಬ್ ಸಿಕ್ಕಿಸಿ ತೋರಿಸಿದ. ಅದರಲ್ಲಿ ಏನೋ ಸುತ್ತುತ್ತಲೇ ಇತ್ತು.

“ನೋಡಿ ಯಜಮಾನ್ರೇ, ಇದು ಕೇಳ್ತಾ ಉಂಟು. ಒಳಗಿನ ಕಂಪ್ಯೂಟರ್ ಉತ್ತರ ಕೊಡ್ತಾ ಇಲ್ಲ.”

“ಈ ಕಾರ್ಗೆ ಯಾವ್ ಕಂಪ್ಯೂಟರ್ ಅದೆ? ಇದು ಹಳೇ ಗಾಡಿ ಕಣಯ್ಯ.”

“ಹಳೇದಕ್ಕೂ ಉಂಟು. ಪೆಟ್ರೋಲ್ ಎಷ್ಟು ಬಿಡ್ಬೇಕು, ಕಿಡಿ ಯಾವಾಗ ಬೀಳ್ಬೇಕು, ಎಲ್ಲಾ ಹೇಳೋದು ಅದೇ.”

ಇವರು ನಕ್ಕರು. ಕಿಡಿ ಯಾವಾಗ ಬೀಳಬೇಕೆಂದು ಇಂಜಿನ್ನಿಗೆ ಇನ್ನೊಬ್ಬರು ಹೇಳಬೇಕಾ ಎಂದರು. ಮೇಸ್ತ್ರಿ ವಾದ ಮಾಡಲಿಲ್ಲ. ಬಾನೆಟ್ಟು ಎತ್ತಿದ. ಬ್ಯಾಟರಿ ಬಿಚ್ಚಿ ಕೆಳಗಿಟ್ಟ. ಅದರ ಹಿಂದಿನ ಮೂಲೆಗೆ ಕೈ ಹಾಕಿದ. ನನಗೆ ಆಗಲೇ ಗೊತ್ತಾಯಿತು. ವಿಭೂತಿಯ ಪಟ್ಟೆ ಇನ್ನೂ ಹಾಗೆಯೇ ಇತ್ತು.

ಡಬ್ಬಿಯಿಂದ ವೈರಿನ ಜಡೆ ಎಳೆದು ಬಿಸಿಲಿಗೆ ಹಿಡಿದ. ಒಳಗೆ ಸಾಲಾಗಿ ಸೂಜಿಗಳು. ಅರ್ಧ ಸೂಜಿಗಳ ಮೇಲೆ ಹಸಿರು ಹಿಟ್ಟು, ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಮರೆತುಬಿಟ್ಟರೆ ಬರುವ ಹಾಗೆ. ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಒಳಗೂ ಹಸಿರು. ಒಂದು ಕಡೆ ಸುಟ್ಟು ಕಪ್ಪಾಗಿತ್ತು. ಯಾರು ಇದರ ಮೇಲೆ ನೀರು ಹಾಕಿದ್ದು ಎಂದು ಕೇಳಿದ. ಜೋರು ಮಾಡಲಿಲ್ಲ, ಸುಮ್ಮನೆ ಕೇಳಿದ.

ಮಗಳು ಮಳೆಯಲ್ಲಿ ಓಡಿಸಿದ್ದೆ ಎಂದಳು. ಮೇಸ್ತ್ರಿ ತಲೆ ಅಲ್ಲಾಡಿಸಿ, ಮಳೆ ಇಲ್ಲಿಗೆ ಬರುವುದಿಲ್ಲ, ಮೇಲಿಂದ ಹುಯ್ದಿದ್ದಾರೆ ಎಂದ. ನಾನು ಇವರ ಕಡೆ ನೋಡಿದೆ. ಇವರು ಡಬ್ಬಿಯನ್ನು ನೋಡುತ್ತಿದ್ದರು. ನಗು ಹೋಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಮುರಿದ ಹಲ್ಲು ಕಾಣುತ್ತಿತ್ತು. ಅಷ್ಟು ವರ್ಷ ಗಾಡಿ ಓಡಿಸಿ ಒಂದು ಗಾಡಿಯನ್ನೂ ಕೆಡಿಸದವರು.

“ನಾನೇ ಹುಯ್ದದ್ದು,” ಎಂದೆ. “ಪೂಜೆಗೆ.”

ಸುಳ್ಳಲ್ಲ. ಬಿಂದಿಗೆ ನನ್ನ ಕೈಯಲ್ಲೇ ಇತ್ತು.

ಇವರು ನನ್ನ ಮೇಲೆ ತಿರುಗಿಬಿದ್ದರು. ಇಂಜಿನ್ ಮ್ಯಾಲೆ ಹುಯ್ಯಿ ಅಂದ್ರೆ ಕಂಡಕಂಡಲ್ಲಿ ಹುಯ್ದುಬುಟ್ಟಿದ್ದಾಳೆ, ಹೆಂಗಸರ ಕೈಗೆ ಗಾಡಿ ಕೊಡಬಾರದು ಎಂದೆಲ್ಲ ಶೆಡ್ಡಿನಲ್ಲಿದ್ದವರು ತಿರುಗಿ ನೋಡುವ ಹಾಗೆ ಬೈದರು. ಗಾಡಿ ಓಡಿಸುವ ಹೆಂಗಸು ಪಕ್ಕದಲ್ಲಿಯೇ ನಿಂತಿದ್ದಳು, ಅದು ನೆನಪಿರಲಿಲ್ಲ. ಮಗಳು ನನ್ನ ಮುಖ ನೋಡಿದಳು. ನಾನು ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದೆ. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು. ಆದರೆ ಎಷ್ಟೋ ದಿನದಿಂದ ಇವರ ಗಂಟಲಲ್ಲಿ ಅಷ್ಟು ಗಟ್ಟಿ ಸದ್ದು ಬಂದಿರಲಿಲ್ಲ.

ಡಬ್ಬಿ ರಿಪೇರಿಯಾಗುವುದಿಲ್ಲ ಎಂದ ಮೇಸ್ತ್ರಿ. ಹೊಸದು ಸಿಗುವುದಿಲ್ಲ, ಈ ಕಾರು ಮಾಡುವುದನ್ನೇ ನಿಲ್ಲಿಸಿ ಬಹಳ ವರ್ಷವಾಯಿತು. ಇದೇ ಜಾತಿಯ ಇನ್ನೊಂದು ಕಾರು ಗುಜರಿಗೆ ಬಿದ್ದಿದ್ದರೆ ಅದರ ಡಬ್ಬಿ ತಂದು ಹಾಕಬೇಕು. ಡಬ್ಬಿಯ ಮೇಲಿನ ನಂಬರು ಒಂದಕ್ಷರವೂ ಬಿಡದೆ ಹೊಂದಬೇಕು. ಅದಲ್ಲದೆ ಡಬ್ಬಿಗೆ ಅದರ ಕೀ ಮಾತ್ರ ಗೊತ್ತು, ಬೇರೆ ಕೀ ತಿರುಗಿಸಿದರೆ ಕಳ್ಳನೆಂದುಕೊಂಡು ಇಂಜಿನ್ ಹತ್ತಲು ಬಿಡುವುದಿಲ್ಲ. ಆದ್ದರಿಂದ ಡಬ್ಬಿಯ ಜೊತೆ ಆ ಕಾರಿನ ಕೀಯೂ ಬರಬೇಕು. ಇಷ್ಟನ್ನು ಅವನು ಎರಡು ಸಲ ಹೇಳಿದ. ಮಗಳಿಗೆ ಅರ್ಥವಾಯಿತು. ನನಗೆ ಅರ್ಥವಾದದ್ದು ಒಂದೇ, ನಾವು ಯಾರೂ ಏನೂ ಮಾಡುವ ಹಾಗಿಲ್ಲ, ಎಲ್ಲಿಯೋ ಒಂದು ಕಾರು ಹಾಳಾಗಿ ಬಿದ್ದಿರಬೇಕು, ಅದಕ್ಕೆ ಕಾಯಬೇಕು.

ಶುಕ್ರವಾರ ಬಾಡಿಗೆ ಕಾರಿನಲ್ಲಿ ಹೋಗಿ ಬಂದೆವು. ಅದರ ಡ್ರೈವರ್ ಒಬ್ಬ ಹುಡುಗಾಟದವನು. ಇವರು ಹಿಂದೆ ಮಲಗಿದ್ದರೆ, ತಾತ ವಾಂತಿ ಮಾಡಿಕೊಳ್ಳಲ್ಲ ತಾನೇ ಎಂದು ಕನ್ನಡಿಯಲ್ಲಿ ನೋಡಿ ನೋಡಿ ಕೇಳುತ್ತಿದ್ದ. ಸೀಟಿನ ಮೇಲೆ ಹಾಕಲು ಗೋಣಿಚೀಲ ಕೊಟ್ಟ. ಇವರು ಅದರ ಮೇಲೆಯೇ ಮಲಗಿ ಬಂದರು.

ಶನಿವಾರ ಮೈಸೂರಿನಿಂದ ಒಂದು ಡಬ್ಬಿ ಬಂತು. ನೋಡಲು ಅದೇ ಥರ. ಮಗಳು ಎರಡನ್ನೂ ಪಕ್ಕದಲ್ಲಿಟ್ಟು ನಂಬರು ನೋಡಿದರೆ ಕೊನೆಯ ಅಕ್ಷರ ಬೇರೆ. ಮೇಸ್ತ್ರಿ ಆದರೂ ಹಾಕಿ ನೋಡಿದ. ಇಂಜಿನ್ ಒಂದು ಸಲ ಗುಡುಗಿ ಸತ್ತಿತು. ಅದನ್ನು ವಾಪಸ್ಸು ಕಳಿಸಿದರು. ಭಾನುವಾರ ಯಾರೂ ಫೋನ್ ಎತ್ತಲಿಲ್ಲ. ಸೋಮವಾರ ಮೇಸ್ತ್ರಿ ತನ್ನ ಕಡೆಯವರಿಗೆಲ್ಲ ಫೋನ್ ಮಾಡಿ, ಕೇರಳದಲ್ಲಿ ಒಂದು ಇದೆಯಂತೆ, ಎರಡು ಮೂರು ದಿನ ಎಂದ.

ಮಂಗಳವಾರ ಬೆಳಿಗ್ಗೆ ಬಾಡಿಗೆ ಕಾರು ಬಂದು ಬೀದಿಯಲ್ಲಿ ಹಾರ್ನ್ ಹೊಡೆಯಿತು. ನಾನು ಇಡ್ಲಿ ಕಟ್ಟಿಕೊಂಡು, ಆಸ್ಪತ್ರೆಯ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಂದೆ. ಇವರು ಮಂಚದಿಂದ ಏಳಲಿಲ್ಲ.

ನಾನು ಕರೆದೆ. ಮಗಳು ಕರೆದಳು. ಇವರು ಗೋಡೆ ಕಡೆ ತಿರುಗಿಕೊಂಡು, “ನನ್ ಗಾಡಿ ಬರ್ಲಿ, ಓಗನ,” ಎಂದರು.

“ಅಪ್ಪಾ, ಗಾಡಿ ಬರಾಕೆ ಇನ್ನೂ ಎಲ್ಡ್ ದಿವ್ಸ ಆಯ್ತದೆ.”

“ಬರ್ದೆ ಓದ್ರೆ ಬುಡು. ಅದ್ಕೂ ಆಯ್ತು, ನನ್ಗೂ ಆಯ್ತು.”

ಗಂಡಸನ್ನು ಎತ್ತಿಕೊಂಡು ಹೋಗಿ ಕಾರಿಗೆ ಹಾಕುವಷ್ಟು ಬಲ ನಮ್ಮಿಬ್ಬರಿಗೂ ಇಲ್ಲ. ಇದ್ದಿದ್ದರೂ ಅಲ್ಲಿ ಸೂಜಿ ಚುಚ್ಚುವಾಗ ಕೈ ಚಾಚಬೇಕಾದವರು ಇವರೇ. ಅದನ್ನು ಇನ್ನೊಬ್ಬರು ಮಾಡಲಾಗದು. ನಾನು ಬೈದೆ. ಅತ್ತು ತೋರಿಸುವುದು ನನಗೆ ಬರುವುದಿಲ್ಲ, ಬಂದಿದ್ದರೆ ಅದನ್ನೂ ಮಾಡುತ್ತಿದ್ದೆ. ಪಕ್ಕದ ಮನೆಯವರು ಬಂದು ಬುದ್ಧಿ ಹೇಳಿದರು. ಕೇಳಿಸಿಕೊಂಡರು. ಏಳಲಿಲ್ಲ. ಬಾಡಿಗೆ ಕಾರಿನವನು ಇನ್ನೆರಡು ಹಾರ್ನ್ ಹೊಡೆದು ಹೊರಟುಹೋದ. ಮಗಳು ಆಸ್ಪತ್ರೆಗೆ ಫೋನ್ ಮಾಡಿ ಹೇಳಿದಳು, ಶುಕ್ರವಾರ ಖಂಡಿತ ಕರೆದುಕೊಂಡು ಬನ್ನಿ, ನೀರು ಕಮ್ಮಿ ಕೊಡಿ ಎಂದರಂತೆ. ಇಡ್ಲಿಯನ್ನು ನಾನು ಮಧ್ಯಾಹ್ನ ತಿಂದೆ.

ಬುಧವಾರ ಕಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಗುಂಡಿ ಬೀಳುತ್ತಿತ್ತು. ಗುರುವಾರ ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಗೋಡೆಗೆ ದಿಂಬು ಇಟ್ಟು ಒರಗಿ ಕೂತರು. ಹೆದರಿಕೆಯಾಗುತ್ತಿದೆಯಾ ಎಂದು ಕೇಳಿದೆ. ಬಾಯಾರಿಕೆ ಎಂದರು. ಅರ್ಧ ಲೋಟ ಕೊಟ್ಟೆ. ಮಗಳು ಶೆಡ್ಡಿಗೆ ಹೋಗಿ ಕೂತಿದ್ದಳು, ಆವತ್ತು ರಜ ಹಾಕಿ.

ಗುರುವಾರ ಸಂಜೆ, ಇನ್ನೂ ಬೆಳಕಿದ್ದಾಗಲೇ, ಕಾರಿನ ಸದ್ದು ಬೀದಿಯಲ್ಲಿ ಕೇಳಿತು. ಮೇಸ್ತ್ರಿಯೂ ಜೊತೆಯಲ್ಲಿ ಬಂದಿದ್ದ, ದಾರಿಯಲ್ಲಿ ನಿಂತುಬಿಟ್ಟರೆ ಎಂದು. ಇವರು ಒಳಗಿನಿಂದ ಸದ್ದು ಕೇಳುತ್ತಾ ಕೂತರು. ಕಿವಿ ಮಾತ್ರ ಬಾಗಿಲ ಕಡೆ.

ಮೇಸ್ತ್ರಿ ಒಳಗೆ ಬಂದು ಕೂತು, ಮಾಡಿದ್ದನ್ನೆಲ್ಲ ಇವರಿಗೆ ಒಪ್ಪಿಸಿದ. ಡಬ್ಬಿ ನಂಬರು ಸರಿಯಾಗಿ ಹೊಂದಿತು. ಅದನ್ನು ಮೂಲೆಯಲ್ಲಿ ನೀರು ಬೀಳದ ಹಾಗೆ ರಬ್ಬರು ಸುತ್ತಿ ಕೂರಿಸಿದ್ದಾನೆ. ಆ ಕಾರಿನ ಕೀಯ ತಲೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಚಿಪ್ ಇರುತ್ತದಂತೆ, ಡಬ್ಬಿ ಗುರುತು ಹಿಡಿಯುವುದು ಅದನ್ನು. ಅದನ್ನು ತೆಗೆದು ನಾವು ಕೀ ಹಾಕುವ ತೂತಿನ ಹತ್ತಿರ, ಸ್ಟೇರಿಂಗಿನ ಕೆಳಗೆ ಟೇಪ್ ಸುತ್ತಿ ಅಂಟಿಸಿದ್ದಾನೆ. ಉಳಿದ ಬೋಳು ಕೀಯನ್ನು ಅದರ ಗೊಂಚಲಿನ ಜೊತೆ ತಂದು ಇವರ ಮುಂದೆ ಇಟ್ಟ. ಇಟ್ಟುಕೊಳ್ಳಿ, ಬೇಕಾಗಬಹುದು ಎಂದ.

ಗೊಂಚಲಿನಲ್ಲಿ ಹೆಬ್ಬೆರಳಿನಷ್ಟು ಒಂದು ಚರ್ಮದ ಬೂಟು ನೇತಾಡುತ್ತಿತ್ತು. ದೃಷ್ಟಿಗೆಂದು ಕಟ್ಟುತ್ತಾರಲ್ಲ, ಅದು. ಇವರ ಲಾರಿಯಲ್ಲೂ ಇತ್ತು.

ಇವರು ಬೂಟನ್ನು ಬೆರಳಲ್ಲಿ ತಿರುಗಿಸಿ ನೋಡಿ, ಆ ಗಾಡಿ ಗುಜರಿಗೆ ಹೆಂಗೆ ಬಂತು ಎಂದು ಕೇಳಿದರು. ಡ್ರೈವರುಗಳಲ್ಲಿ ಒಂದು ನಡೆ ಇದೆ. ಆಕ್ಸಿಡೆಂಟ್ ಗಾಡಿಯ ಸಾಮಾನು ಹಾಕಿಕೊಳ್ಳುವ ಮುಂಚೆ ಅದರಲ್ಲಿ ಯಾರದಾದರೂ ಜೀವ ಹೋಯಿತಾ ಎಂದು ಕೇಳಿಯೇ ಕೇಳುತ್ತಾರೆ. ಹೋಗಿದ್ದರೆ ಮುಟ್ಟುವುದಿಲ್ಲ. ಇವರು ಹಿಂದೆ ಒಂದು ಸಲ ಹೊಚ್ಚ ಹೊಸ ಟೈರನ್ನೇ ಹಾಗೆ ವಾಪಸ್ಸು ಕೊಟ್ಟು ಬಂದವರು. ಮಗಳಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೇಸ್ತ್ರಿಗೆ ಹೇಳಿಡಬೇಕಿತ್ತು, ಹೊಳೆಯಲಿಲ್ಲ.

ಹಿಂದಿನಿಂದ ಲಾರಿ ಗುದ್ದಿದೆ, ಮುಂಭಾಗ ಚೆನ್ನಾಗಿತ್ತು, ಇಂಜಿನ್ ಕಡೆ ಒಂದು ಗೀಟೂ ಇಲ್ಲ ಎಂದು ಮೇಸ್ತ್ರಿ ಸಂತೋಷವಾಗಿ ಹೇಳಿದ.

“ಹಿಂದ್ಗಡೆ ಸೀಟ್ನಲ್ಲಿ ಯಾರ್ ಇದ್ರು?”

ಮೇಸ್ತ್ರಿಗೆ ಆಗ ಅರ್ಥವಾಯಿತು. ಅವನೂ ಗಾಡಿಗಳ ನಡುವೆ ಇರುವವನೇ. ಗುಜರಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ ಅವರ ಭಾಷೆಯಲ್ಲಿ ಕೇಳಿದ. ನಾವು ಮೂವರೂ ಅವನ ಮುಖ ನೋಡುತ್ತಾ ಕೂತೆವು. ಫೋನ್ ಇಟ್ಟು, ಅವನಿಗೂ ಗೊತ್ತಿಲ್ಲವಂತೆ, ಅವನು ಇನ್ನೊಬ್ಬನಿಂದ ತಗೊಂಡದ್ದಂತೆ ಎಂದ. ಯಾರೂ ಇರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಒಳ್ಳೆಯ ಮನುಷ್ಯ, ಹೇಳಲಿಲ್ಲ. ಇವರು ಕೀ ಗೊಂಚಲನ್ನು ಮಂಚದ ಮೇಲೆ ಇಟ್ಟರು. ಮುಖ ಮತ್ತೆ ಗೋಡೆಯ ಕಡೆ ಹೋಯಿತು.

ಮೇಸ್ತ್ರಿ ಹೋಗುವಾಗ ಮಗಳಿಗೆ ಇನ್ನೊಂದು ಮಾತು ಹೇಳಿದ್ದ. ಹಸಿರು ಹಿಡಿದ ವೈರುಗಳನ್ನು ಉಜ್ಜಿ ಹಾಕಿದ್ದೇನೆ, ಎಲ್ಲ ಸರಿಹೋಗಿದೆ ಎಂದು ಆಣೆ ಮಾಡುವುದಿಲ್ಲ. ಹಳದಿ ದೀಪ ಹತ್ತಿದರೆ ನಡುವೆ ಆಫ್ ಮಾಡಬೇಡ, ಮತ್ತೆ ಹತ್ತುತ್ತದೋ ಇಲ್ಲವೋ ಹೇಳಲಾಗದು, ತಲುಪುವ ಜಾಗ ತಲುಪಿಬಿಡು.

ಶುಕ್ರವಾರ ಬೆಳಿಗ್ಗೆ ಇವರ ಮುಖ ಊದಿ ಕಣ್ಣು ಸಣ್ಣಗಾಗಿತ್ತು. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದರು. ಮಗಳು ಕಾರು ತಂದು ಬಾಗಿಲಿಗೆ ನಿಲ್ಲಿಸಿದಳು. ಇವರು ಮಂಚದ ಅಂಚಿಗೆ ಬಂದು ಕೂತರು, ಅಲ್ಲಿಂದ ಮುಂದೆ ಬರಲಿಲ್ಲ. ಬಾಗಿಲಿನಿಂದ ಕಾರಿನ ಹಿಂದಿನ ಸೀಟು ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದರು. ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂದು ನನಗೆ ತಿಳಿದಿತ್ತು. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲೂ ಇಲ್ಲ. ಆ ಸೀಟಿನಲ್ಲಿ ಯಾರಿದ್ದರೋ ನನಗೆ ಏನು ಗೊತ್ತು. ನಮ್ಮ ಸೀಟು ಬೇರೆ, ಆ ಕಾರಿನ ಸೀಟು ಬೇರೆ ಎಂದು ಮಗಳು ಹೇಳಿದಳು, ಅದೂ ಇವರಿಗೆ ಗೊತ್ತಿದ್ದದ್ದೇ.

“ಹಿಂದ್ಗಡೆ ನಾನ್ ಕುಂತ್ಕತಿನಿ,” ಎಂದೆ. “ಬರಾದಿದ್ರೆ ನನ್ಗೇ ಬರ್ಲಿ. ನೀವು ಮುಂದೆ ಹತ್ತಿ.”

“ಮುಂದೆ ನಾನು ಮಲಿಕಳಕ್ಕಾಯ್ತದಾ?”

“ಹೆಂಗಿದ್ರೂ ಮಲಿಕಂಡ್ರೆ ಉಸ್ರು ಸಿಕ್ಕಲ್ಲ ಅಂತೀರಲ್ಲ. ಕುಂತ್ಕಳಿ.”

ಯಾಕೆ ಎದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಸಿರು ಕಟ್ಟಿ ಎದ್ದರೋ, ಮುಂದಿನ ಸೀಟೆಂದು ಎದ್ದರೋ. ಕಾಯಿಲೆ ಬಿದ್ದ ಮೇಲೆ ಮುಂದೆ ಕೂತೇ ಇರಲಿಲ್ಲ. ಗೋಡೆ ಹಿಡಿದು, ಬಾಗಿಲು ಹಿಡಿದು, ಆಮೇಲೆ ನನ್ನ ಹೆಗಲು ಹಿಡಿದು ಬಂದು ಮಗಳ ಪಕ್ಕ ಕೂತರು. ನಾನು ಹಿಂದೆ ಒಬ್ಬಳೇ ಕೂತೆ. ಸೀಟು ಅಷ್ಟು ಅಗಲ ಎಂದು ಆವತ್ತೇ ತಿಳಿದದ್ದು.

ತೆರಕಣಾಂಬಿ ದಾಟಿದೆವು. ಹಿಂದಿನ ಸಲ ನಿಂತ ಜಾಗ ದಾಟಿದೆವು. ಅಲ್ಲಿಂದ ಮುಂದೆ, ಎರಡೂ ಕಡೆ ಬಾಳೆ ತೋಟ ಇರುವಲ್ಲಿ, ಹಳದಿ ದೀಪ ಹತ್ತಿತು. ಹಿಂದಿನ ಸೀಟಿನಿಂದ ನನಗೆ ಕಂಡಿತು. ಮಗಳಿಗೂ ಕಂಡಿತು, ಅವಳ ಬೆನ್ನು ನೆಟ್ಟಗಾಯಿತು. ಇವರೂ ನೋಡಿದರು. ಕಾರು ಹಾಗೆಯೇ ಓಡುತ್ತಿತ್ತು. ಮಗಳು ನಿಧಾನ ಮಾಡಿದಳು. ನಿಲ್ಲಿಸಿಬಿಡುತ್ತಾಳೆ ಎಂದುಕೊಂಡೆ. ನಿಲ್ಲಿಸಬೇಡವೆಂದು ಹೇಳಲು ನನಗೇನು ತಿಳಿದಿದೆ.

ಇವರು ಮುಂದಕ್ಕೆ ಬಗ್ಗಿ, ಬಲಗೈಯನ್ನು ಗಾಜಿನ ಕೆಳಗಿನ ಡ್ಯಾಶ್‌ಬೋರ್ಡಿನ ಮೇಲೆ ಮಗುಚಿ ಇಟ್ಟರು. ಬಾಯಿ ತೆರೆದು ಉಸಿರಾಡುತ್ತಿದ್ದವರು ಬಾಯಿ ಮುಚ್ಚಿದರು. ತಮ್ಮ ಉಸಿರಿನ ಸದ್ದು ಅಡ್ಡ ಬರಬಾರದೆಂದು ಇರಬೇಕು. ಎಷ್ಟು ಹೊತ್ತು ಹಾಗಿದ್ದರೋ, ನನಗಂತೂ ಬಹಳ ಹೊತ್ತೆನಿಸಿತು.

“ಸದ್ದು ಸರ್ಯಾಗದೆ. ನಡಿ ಕೂಸು. ಕಾಲು ತಗೀಬ್ಯಾಡ.”

ಮಗಳು ಓಡಿಸಿದಳು. ಇವರಿಗೆ ನಿಜವಾಗಿ ಸದ್ದಿನಲ್ಲಿ ಏನಾದರೂ ಗೊತ್ತಾಯಿತೋ, ಸುಮ್ಮನೆ ಹಾಗಂದರೋ ತಿಳಿಯದು. ಈ ಡಬ್ಬಿ ಒಳಗೆ ಏನು ಮಾಡುತ್ತದೆಂದು ಕಿವಿಗೆ ಕೇಳುತ್ತದೆಯೇ. ಚಾಮರಾಜನಗರದವರೆಗೂ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ದೀಪವೂ ಆರಲಿಲ್ಲ.

ಆಸ್ಪತ್ರೆ ಬಾಗಿಲಲ್ಲಿ ಮಗಳು ಇಂಜಿನ್ ಆಫ್ ಮಾಡದೆ ನಿಲ್ಲಿಸಿದಳು. ಅವಳು ಇಳಿಯುವ ಹಾಗಿರಲಿಲ್ಲ. ಒಬ್ಬ ಆಯಾ ಗಾಲಿಕುರ್ಚಿ ತಂದಳು. ಇಬ್ಬರೂ ಸೇರಿ ಇವರನ್ನು ಕೂರಿಸಿದೆವು. ಸಂಜೆ ಬರುತ್ತೀಯಾ ಎಂದು ಮಗಳನ್ನು ಕೇಳಿದೆ. ಇದು ಹತ್ತಿದ್ರೆ ಬತ್ತಿನವ್ವ ಎಂದು ಬದನಗುಪ್ಪೆ ಕಡೆ ಹೋದಳು.

ಒಳಗೆ ತೂಕ ನೋಡಿ ನರ್ಸು ಬೈದಳು. ಮೈಯಲ್ಲಿ ಇಷ್ಟು ನೀರು ತುಂಬಿಸಿಕೊಂಡು ಬಂದರೆ ನಾವೇನು ಮಾಡುವುದು ಅಜ್ಜಿ ಎಂದು ನನ್ನನ್ನು ಕೇಳಿದಳು. ಇವರನ್ನು ಮಲಗಿಸಿ ತಲೆಯ ಕಡೆ ಎತ್ತರ ಮಾಡಿದರು. ಮೂಗಿಗೆ ಗಾಳಿಯ ಕೊಳವೆ ಇಟ್ಟರು. ಸೂಜಿ ಚುಚ್ಚುವಾಗ ಇವರು ಯಾವಾಗಲೂ ಮುಖ ತಿರುಗಿಸುತ್ತಾರೆ. ಆವತ್ತು ನನ್ನ ಕಡೆ ತಿರುಗಿಸಿದರು.

“ಆ ಮೂಲೆಗೆ ಹುಯ್ಯಿ ಅಂದಿದ್ದು ನಾನೇ ಕಣಮ್ಮಿ.”

“ಗೊತ್ತು. ಕೈ ಅಲ್ಲಾಡಿಸ್ಬ್ಯಾಡಿ.”

ಸೂಜಿ ಹೋಯಿತು. ಮಿಷಿನ್ನು ಶುರುವಾಯಿತು. ನನ್ನನ್ನು ಹೊರಗೆ ಕಳಿಸಿದರು.

ಬೆಂಚಿನ ಮೇಲೆ ಕೂತೆ. ಸೊಂಟಕ್ಕೆ ಸಿಕ್ಕಿಸಿದ್ದ ಆ ಕೀ ಗೊಂಚಲು ಚುಚ್ಚುತ್ತಿತ್ತು, ಬೂಟಿನ ಸಮೇತ. ಮನೆಯಲ್ಲಿ ಬಿಟ್ಟರೆ ಇವರ ಕಣ್ಣಿಗೆ ಬೀಳುತ್ತದೆಂದು ತಂದಿದ್ದೆ. ಎಸೆಯೋಣವೆಂದರೆ ಮೇಸ್ತ್ರಿ ಬೇಕಾಗಬಹುದು ಎಂದಿದ್ದಾನೆ. ಯಾತಕ್ಕೆ ಬೇಕಾಗುತ್ತದೆಂದು ನನಗೆ ಗೊತ್ತಿಲ್ಲ. ಒಳಗೆ ಒಂದು ಸಲ ಮಿಷಿನ್ನು ಕುಯ್ಯೆಂದಿತು, ಯಾರೋ ಓಡಿ ಹೋದ ಸದ್ದಾಯಿತು, ಆಮೇಲೆ ನಿಂತಿತು. ಯಾರ ಮಿಷಿನ್ನೆಂದು ಕೇಳಲು ಎದ್ದೆ. ಬಾಗಿಲು ಮುಚ್ಚಿತ್ತು. ಮತ್ತೆ ಕೂತೆ. ಸಂಜೆಗೆ ಇನ್ನೂ ಬಹಳ ಹೊತ್ತಿತ್ತು.